ಬೊಲೆರೊಗೆ ಎಚ್‌ಎಫ್ ಆಂಟೆನಾ: ಯಾವುದನ್ನು ಆರಿಸಬೇಕು?

ನಿಮ್ಮ ಪ್ರಶ್ನೆಯ ಸಾರ ಹೀಗಿದೆ: 100 ವ್ಯಾಟ್‌ನ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್‌ನ) ರೇಡಿಯೊ ಕೊಂಡಿದ್ದೀರಿ, ವಾಹನ ಬೊಲೆರೊ, ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಆಂಟೆನಾ ಕಟ್ಟಲು ನಿವಾಸಿಗಳ ಸಂಘ ಒಪ್ಪುತ್ತಿಲ್ಲ. ಆದ್ದರಿಂದ ವಾಹನದಿಂದಲೇ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ಮಂಗಳೂರು, ಹುಬ್ಬಳ್ಳಿಯ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರೊಡನೆಯೂ 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ದೂರದವರೊಡನೆಯೂ ಮಾತನಾಡಬೇಕು. ಒಂದೇ ಬ್ಯಾಂಡಿನ ವಿಪ್ (ನೆಟ್ಟಗೆ ನಿಲ್ಲುವ ಸರಳಿನ ಆಂಟೆನಾ), ಮೋಟಾರು ಇರುವ ಸ್ಕ್ರೂಡ್ರೈವರ್ ಆಂಟೆನಾ, ಉದ್ದನೆಯ ವಿಪ್ಪಿನ ಬುಡದಲ್ಲಿ ಆಟೋ ಟ್ಯೂನರ್ (ಆಂಟೆನಾವನ್ನು ರೇಡಿಯೊಗೆ ತಾನಾಗಿ ಹೊಂದಿಸುವ ಪೆಟ್ಟಿಗೆ), ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಮೊದಲಿಗೆ 40ಕ್ಕೊಂದು, 20ಕ್ಕೊಂದು ಎಂದು ಒಂದೇ ಬ್ಯಾಂಡಿನ ಎರಡು ವಿಪ್‌ಗಳನ್ನು ಕೊಳ್ಳಿ; ಉಳಿದ ಹಣ ಮತ್ತು ಶ್ರಮವನ್ನೆಲ್ಲ ಆಂಟೆನಾ ಕೂರುವ ಜಾಗಕ್ಕೂ ವಾಹನದ ಬಾಡಿಯ ಭಾಗಗಳನ್ನು ಒಂದಕ್ಕೊಂದು ಜೋಡಿಸುವುದಕ್ಕೂ ಮೀಸಲಿಡಿ ಎಂಬುದು ನನ್ನ ಸಲಹೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

7.1 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದ ಉದ್ದ ಸುಮಾರು 10 ಮೀಟರ್. ರಸ್ತೆಯಲ್ಲಿ ಹೊತ್ತೊಯ್ಯಬಹುದಾದ ವಿಪ್ ಹೆಚ್ಚೆಂದರೆ ಎರಡೂವರೆ ಮೀಟರ್; ಉಳಿದ ಕೊರತೆಯನ್ನು ತಂತಿ ಸುತ್ತಿದ ಕಾಯಿಲ್ ತುಂಬಬೇಕು. ಹೀಗೆ ಗಿಡ್ಡಾದ ಆಂಟೆನಾದ ವಿಕಿರಣ ರೋಧ, ಅಂದರೆ ನಿಜವಾಗಿ ರೇಡಿಯೊ ತರಂಗವಾಗಿ ಹೊರಹೋಗುವ ಶಕ್ತಿಯ ಪಾಲನ್ನು ಸೂಚಿಸುವ ಸಂಖ್ಯೆ, ಕಾಯಿಲ್ ಬುಡದಲ್ಲಿದ್ದರೆ ಬರಿಯ ಒಂದು ಓಮ್‌ಗಿಂತ ತುಸು ಹೆಚ್ಚು. ಕಾಯಿಲ್ ನಡುವಿನಲ್ಲಿದ್ದರೆ ಮೂರು ಓಮ್‌ನ ಹತ್ತಿರ. ಇದರ ಎದುರಿಗೆ ಕಾಯಿಲ್ಲಿನ ನಷ್ಟ ಮೂರರಿಂದ ಆರು ಓಮ್, ವಾಹನದ ಬಾಡಿ ಮತ್ತು ಅದರಡಿಯ ನೆಲ ಸೇರಿ ಆಗುವ ನಷ್ಟ ಸುಮಾರು ಹತ್ತು ಓಮ್ ಎಂದಿಟ್ಟುಕೊಂಡರೆ, ನಿಮ್ಮ 100 ವ್ಯಾಟ್‌ನಲ್ಲಿ ಆಕಾಶಕ್ಕೆ ಸೇರುವುದು 10ರಿಂದ 15 ವ್ಯಾಟ್ ಮಾತ್ರ. 20 ಮೀಟರ್ ಬ್ಯಾಂಡಿನಲ್ಲಿ ಅದೇ ಉದ್ದದ ವಿಪ್ಪಿನ ವಿಕಿರಣ ರೋಧ ನಾಲ್ಕು ಪಟ್ಟಾಗುತ್ತದೆ, ಕಾಯಿಲ್ ಚಿಕ್ಕದಾಗುತ್ತದೆ. ಹಾಗಾಗಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಹೊರಹೋಗುವುದು ಸಾಧ್ಯ. 10 ಮೀಟರ್ ಬ್ಯಾಂಡಿಗೆ ಕಾಯಿಲ್ಲೇ ಬೇಡ, ಎರಡೂವರೆ ಮೀಟರಿನ ಬರಿಯ ಸ್ಟೀಲ್ ಸರಳು ಸಾಕು.

ಈ ಲೆಕ್ಕದಿಂದ ಹೊರಡುವ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಹೊಸದಾಗಿ ಆಂಟೆನಾ ಕೂರಿಸಿದವರು ಎಸ್‌ಡಬ್ಲ್ಯುಆರ್ (ಆಂಟೆನಾ ರೇಡಿಯೊದ 50 ಓಮ್‌ಗೆ ಎಷ್ಟು ಹೊಂದಿದೆ ಎಂದು ತೋರಿಸುವ ಅನುಪಾತ) ಮೀಟರಿನಲ್ಲಿ ಪೂರ್ತಿ ಹೊಂದಿಕೆಯ 1:1 ಕಂಡ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆದರೆ 40 ಮೀಟರ್ ಬ್ಯಾಂಡಿನಲ್ಲಿ ಒಳ್ಳೆಯ ವಿಪ್ಪು, ಒಳ್ಳೆಯ ಮೌಂಟು ಇದ್ದರೆ ಬುಡದಲ್ಲಿ ಸಿಗಬೇಕಾದ ಒಟ್ಟು ರೋಧ 15ರಿಂದ 20 ಓಮ್, ಅಂದರೆ ಎಸ್‌ಡಬ್ಲ್ಯುಆರ್ ಮೂರರ ಆಸುಪಾಸಿನಲ್ಲಿರಬೇಕು. ಹೊಂದಿಸುವ ಯಾವ ಏರ್ಪಾಡೂ ಇಲ್ಲದೆ ನೇರವಾಗಿ 50 ಓಮ್ ತೋರಿಸಿದರೆ, ಉಳಿದ 30 ಓಮ್ ಎಲ್ಲೋ ಶಾಖವಾಗಿ ಹೋಗುತ್ತಿದೆ ಎಂದೇ ಅರ್ಥ. ಹಾಗೆಯೇ ಆಂಟೆನಾ ಇಡೀ ಬ್ಯಾಂಡಿಗೆ ಅಗಲವಾಗಿ ಹೊಂದಿಕೊಳ್ಳುತ್ತದೆ ಎಂಬುದು 40 ಮೀಟರಿನಲ್ಲಿ ಹೊಗಳಿಕೆಯಲ್ಲ. ಒಳ್ಳೆಯ ಗಿಡ್ಡ ಆಂಟೆನಾ ಕೆಲವೇ ಹತ್ತು ಕಿಲೋಹರ್ಟ್ಸ್ ಅಗಲದಲ್ಲಿ ಮಾತ್ರ ಹೊಂದುತ್ತದೆ.

ಈ 15-20 ಓಮನ್ನು ರೇಡಿಯೊದ 50 ಓಮ್‌ಗೆ ಹೊಂದಿಸುವುದು ಕಷ್ಟವಲ್ಲ. 25 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪಿನ ಮೇಲೆ ದಪ್ಪ ಎನಾಮಲ್ ತಂತಿಯನ್ನು ಏಳೆಂಟು ಸುತ್ತು, ಸುಮಾರು 25 ಮಿಲಿಮೀಟರ್ ಉದ್ದಕ್ಕೆ ಹರಡುವಂತೆ ಸುತ್ತಿ. ಅದರ ಒಂದು ತುದಿಯನ್ನು ಆಂಟೆನಾದ ಬುಡಕ್ಕೂ ಇನ್ನೊಂದು ತುದಿಯನ್ನು ಅದೇ ಜಾಗದ ಬಾಡಿಗೂ ಸೇರಿಸಿ. ವಿಪ್ಪಿನ ತುದಿಯ ಸರಳನ್ನು ತುಸು ಒಳಕ್ಕೆ ಸರಿಸಿ, ಈ ಪುಟ್ಟ ಕಾಯಿಲ್ಲಿನ ಸುತ್ತುಗಳನ್ನು ಬೆರಳಿನಿಂದ ಹತ್ತಿರ ಅಥವಾ ದೂರ ಮಾಡುತ್ತ ಹೋದರೆ ಮೀಟರು ತಾನಾಗಿ ಕೆಳಗಿಳಿಯುತ್ತದೆ. ಇದಕ್ಕೆ ಬೇಕಾದ ತಂತಿ, ಆಂಟೆನಾ ಕೇಬಲ್ ಸಿಕ್ಕಿಸುವ ಎಸ್‌ಒ-239 ಸಾಕೆಟ್, ಹೆಣೆದ ತಾಮ್ರದ ಪಟ್ಟಿ ಎಲ್ಲವೂ ಎಸ್‌.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ.

ಇನ್ನು ಬೊಲೆರೊ ವಿಷಯ. ಬಾಡಿಯೆಲ್ಲ ಉಕ್ಕಿನದು, ಡೀಸೆಲ್ ಎಂಜಿನ್ ಆದ್ದರಿಂದ ಸ್ಪಾರ್ಕ್ ಪ್ಲಗ್ಗಿನ ಚಟಪಟ ಸದ್ದೂ ಇಲ್ಲ. ಈ ಎರಡೂ ನಿಮಗೆ ಅನುಕೂಲ. ಆದರೆ ಅದರ ಬಾಡಿ ಚಾಸಿಯ ಮೇಲೆ ರಬ್ಬರ್ ಬುಶ್‌ಗಳ ಆಸರೆಯಲ್ಲಿ ಕೂತಿದೆ, ಹಿಂಬಾಗಿಲು ಕೀಲುಗಳ ಮೇಲೆ ತೂಗುತ್ತಿದೆ. ಬ್ಯಾಟರಿಯ ಕರೆಂಟಿಗೆ ಅಲ್ಲಲ್ಲಿ ಒಂದು ತಂತಿ ಇದ್ದರೆ ಸಾಕು, ರೇಡಿಯೊ ಆವರ್ತನದ ಕರೆಂಟಿಗೆ ಅಷ್ಟು ಸಾಲದು. ಬಾನೆಟ್, ಹಿಂಬಾಗಿಲು, ಚಾಸಿ, ಸೈಲೆನ್ಸರ್ ಪೈಪು, ಇವಿಷ್ಟನ್ನೂ ಅಗಲವಾದ ಹೆಣಿಗೆ ಪಟ್ಟಿಯಿಂದ, ಸಾಧ್ಯವಾದಷ್ಟು ಗಿಡ್ಡದಾಗಿ ಬಾಡಿಗೆ ಜೋಡಿಸಿ. ಬೋಲ್ಟು ಕೂರುವಲ್ಲಿ ಪೇಂಟನ್ನು ಎಮರಿ ಪೇಪರಿನಿಂದ ಬೆಳ್ಳಗೆ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಗ್ರೀಸ್ ಮರೆತರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಜೋಡಣೆ ಸತ್ತುಹೋಗುತ್ತದೆ. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಮೀಟರನ್ನು ನೋಡುತ್ತ ಹಿಂಬಾಗಿಲನ್ನು ಕೈಯಿಂದ ಅಲುಗಾಡಿಸಿ. ಮುಳ್ಳು ನಡುಗಿದರೆ ಎಲ್ಲೋ ಸಡಿಲವಿದೆ. ನೆಲದೊಳಗಿನ ನಷ್ಟ ನಮ್ಮ ಕೈಯಲ್ಲಿಲ್ಲ. ಬಾಡಿಯ ಜೋಡಣೆಗಳಲ್ಲಿ ಆಗುವ ನಷ್ಟ ಪೂರ್ತಿ ನಮ್ಮ ಕೈಯಲ್ಲಿದೆ.

ಹಿಂಬಾಗಿಲಿನ ಸ್ಟೆಪ್ನಿಯ ಬ್ರ್ಯಾಕೆಟ್ಟಿಗೆ ಆಂಟೆನಾ ಕಟ್ಟುವ ಯೋಚನೆ ನಿಮಗಿದೆ. ಅದು ಬೇಡ. ಬಾಗಿಲು ತೆರೆದಾಗಲೆಲ್ಲ ಆಂಟೆನಾವೂ ತೂಗುತ್ತದೆ, ಕಾಯಿಲ್ ಸ್ಟೆಪ್ನಿಯ ಉಕ್ಕಿನ ರಿಮ್ಮಿಗೆ ತೀರ ಹತ್ತಿರವಾಗುತ್ತದೆ. ಹಿಂಬದಿಯ ಬಲ ಮೂಲೆಯಲ್ಲಿ ಬಾಡಿಗೇ ಬೋಲ್ಟು ಮಾಡಿದ ದಪ್ಪ ಉಕ್ಕಿನ ಬ್ರ್ಯಾಕೆಟ್ಟನ್ನು ಜೆ.ಸಿ. ರಸ್ತೆಯಲ್ಲೋ ನಿಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲೋ ಮಾಡಿಸಿಕೊಳ್ಳಿ. ಕಾಯಿಲ್ ಮೇಲ್ಛಾವಣಿಗಿಂತ ಎತ್ತರಕ್ಕೆ ಬರಲಿ. ಬಲ ಮೂಲೆ ಏಕೆಂದರೆ ನಮ್ಮ ರಸ್ತೆಗಳ ಎಡ ಅಂಚಿನಲ್ಲೇ ಮರದ ಕೊಂಬೆಗಳು ಬಾಗಿರುತ್ತವೆ. ಮುಂಭಾಗದ ಬುಲ್ ಬಾರಿಗೆ ಕಟ್ಟುವ ಸಲಹೆ ವಿದೇಶಿ ಬರಹಗಳಲ್ಲಿ ಕಾಣಿಸುತ್ತದೆ, ಆದರೆ 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಂಥ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿರುವುದರಿಂದ ಅದನ್ನು ಕೈಬಿಡಿ. ಅಯಸ್ಕಾಂತದಿಂದ ಬಾಡಿಗೆ ಅಂಟುವ ಮ್ಯಾಗ್ನೆಟ್ ಮೌಂಟ್ ವಿಎಚ್‌ಎಫ್‌ಗೆ (30 ಮೆಗಾಹರ್ಟ್ಸ್‌ಗೂ ಮೇಲಿನ ಆವರ್ತನಗಳಿಗೆ) ಸರಿ. 7 ಮೆಗಾಹರ್ಟ್ಸ್‌ನಲ್ಲಿ ಪೇಂಟಿನ ಮೂಲಕ ಬಾಡಿಗೆ ಸಿಗುವ ಸಂಪರ್ಕ ಸಾಲದೆ ಕರೆಂಟು ಆಂಟೆನಾದ ಕೋಆಕ್ಸ್ ಕೇಬಲಿನ ಹೊರಮೈ ಹಿಡಿದು ರೇಡಿಯೊದತ್ತ ಬರುತ್ತದೆ.

ಸ್ಕ್ರೂಡ್ರೈವರ್ ಆಂಟೆನಾ ನಿಜಕ್ಕೂ ಒಳ್ಳೆಯದು. ಡ್ರೈವರ್ ಸೀಟಿನಲ್ಲಿ ಕೂತೇ ಮೋಟಾರಿನಿಂದ ಕಾಯಿಲ್ಲನ್ನು ಏರಿಸಿ ಇಳಿಸಿ ಬ್ಯಾಂಡ್ ಬದಲಿಸಬಹುದು. ಆದರೆ ಅದು ಭಾರ, ಆಮದಿನ ಬೆಲೆಯೂ ಭಾರ. ನಿಮಗೆ ಬೇಕಿರುವುದು ಎರಡೇ ಬ್ಯಾಂಡ್. ನಾಲ್ಕೈದು ಬ್ಯಾಂಡ್ ಬೇಕೆನಿಸಿದ ದಿನ ಅದೇ ಬ್ರ್ಯಾಕೆಟ್ಟಿನ ಮೇಲೆ ಅದನ್ನು ಕೂರಿಸಿದರಾಯಿತು. ಆಟೋ ಟ್ಯೂನರನ್ನು 40 ಮೀಟರಿಗೆ ನಾನು ಸೂಚಿಸುವುದಿಲ್ಲ. ಎರಡೂವರೆ ಮೀಟರಿನ ವಿಪ್ ಆ ಬ್ಯಾಂಡಿನಲ್ಲಿ ಸುಮಾರು 900 ಓಮ್ ಕೆಪ್ಯಾಸಿಟಿವ್ ರಿಯಾಕ್ಟೆನ್ಸ್ (ಕೆಪ್ಯಾಸಿಟರಿನಂತೆ ಒಡ್ಡುವ ತಡೆ) ತೋರುತ್ತದೆ, ಅದನ್ನು ಟ್ಯೂನರಿನೊಳಗಿನ ಪುಟ್ಟ ಕಾಯಿಲ್‌ಗಳು ಹೊರಬೇಕು. ಅವುಗಳ ನಷ್ಟ ದೊಡ್ಡ ಕಾಯಿಲ್ಲಿಗಿಂತ ಬಹಳ ಹೆಚ್ಚು. ರೇಡಿಯೊದೊಳಗೇ ಇರುವ ಟ್ಯೂನರ್ ಸಾಮಾನ್ಯವಾಗಿ 3:1ರವರೆಗಿನ ಎಸ್‌ಡಬ್ಲ್ಯುಆರ್ ಅನ್ನಷ್ಟೇ ಸರಿಪಡಿಸುತ್ತದೆ, ಆದ್ದರಿಂದ ಅದನ್ನು ನಂಬಿ ಬರಿಯ ಸರಳು ಸಿಕ್ಕಿಸಬೇಡಿ.

ನಿಮ್ಮ ಮುಖ್ಯ ಆಸೆಯಾದ ಮಂಗಳೂರಿನ ಮಾತುಕತೆಗೆ ಬರೋಣ, ಏಕೆಂದರೆ ಅಲ್ಲಿ ಯಾವ ವಿಪ್ಪಿಗೂ ಒಂದು ಮಿತಿಯಿದೆ. ತರಂಗವನ್ನು ಹಿಂದಿರುಗಿಸುವ, ಸುಮಾರು 300 ಕಿಲೋಮೀಟರ್ ಎತ್ತರದ ಅಯಾನುಗೋಳದ ಪದರದಿಂದ ಮರಳಿ ಮಂಗಳೂರಿಗೆ ಇಳಿಯಬೇಕಾದರೆ ಬೆಂಗಳೂರಿನಿಂದ ತರಂಗ 60 ಡಿಗ್ರಿಗೂ ಹೆಚ್ಚು ಕಡಿದಾಗಿ ಮೇಲೇರಬೇಕು. ನೆಟ್ಟಗೆ ನಿಂತ ವಿಪ್ ಆ ಕೋನದಲ್ಲಿ ದಿಗಂತದ ಕಡೆಗಿಂತ ಕಾಲು ಪಾಲಿಗೂ ಕಡಿಮೆ ಶಕ್ತಿ ಕಳಿಸುತ್ತದೆ. ಮೈಸೂರಿನಂಥ ಇನ್ನೂ ಹತ್ತಿರದ ಊರಿಗೆ ಪರಿಸ್ಥಿತಿ ಮತ್ತೂ ಕೆಡುತ್ತದೆ. 20 ಮೀಟರಿಗೆ ಬದಲಿಸಿ ಪ್ರಯೋಜನವಿಲ್ಲ, ಅಷ್ಟು ಕಡಿದಾಗಿ ಹೋದ 14 ಮೆಗಾಹರ್ಟ್ಸ್ ಸಾಮಾನ್ಯವಾಗಿ ಮರಳುವುದೇ ಇಲ್ಲ. ಓಡುವಾಗ ಇದನ್ನು ಒಪ್ಪಿಕೊಳ್ಳಬೇಕು. ಆದರೆ ಹೆಸರಘಟ್ಟದ ಕಡೆಯ ಬಯಲಿನಲ್ಲೋ ಕನಕಪುರ ರಸ್ತೆಯ ಪಕ್ಕದ ತೋಟದಲ್ಲೋ ಗಾಡಿ ನಿಲ್ಲಿಸಿ ಮಾತನಾಡುವುದೇ ನಿಮ್ಮ ಅಭ್ಯಾಸವಾಗುವುದಾದರೆ, 40 ಮೀಟರ್ ಬ್ಯಾಂಡಿಗಾಗಿ ಒಟ್ಟು 20 ಮೀಟರ್ ಉದ್ದದ ತಂತಿಯ ಡೈಪೋಲನ್ನು (ನಡುವಿನಿಂದ ಎರಡು ಬದಿಗೆ ಚಾಚುವ ಆಂಟೆನಾವನ್ನು) ಗಾಡಿಯಲ್ಲಿ ಇಟ್ಟುಕೊಳ್ಳಿ. ಫೈಬರ್ ಕಂಬದ ಮೇಲೆ ಐದಾರು ಮೀಟರ್ ಎತ್ತರಕ್ಕೆ ನಡುಭಾಗವನ್ನೆತ್ತಿ ಎರಡೂ ತುದಿಗಳನ್ನು ಕೈಗೆಟುಕದ ಎತ್ತರದಲ್ಲಿ ಕಟ್ಟಿದರೂ ಸಾಕು, ಮಂಗಳೂರಿಗೆ ಅದರ ಮುಂದೆ ಅತ್ಯಂತ ದುಬಾರಿ ವಾಹನ ಆಂಟೆನಾವೂ ನಿಲ್ಲಲಾರದು.

ವಿದ್ಯುತ್ತಿನ ಬಗ್ಗೆ ಎರಡು ಮಾತು: 100 ವ್ಯಾಟ್ ರೇಡಿಯೊ 22 ಆಂಪಿಯರ್‌ನಷ್ಟು ಎಳೆಯುವುದರಿಂದ ಸಿಗರೇಟ್ ಸಾಕೆಟ್ ನಡೆಯದು, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಅದರ ಬಳಿಯೇ ಫ್ಯೂಸು. ಮಾತನಾಡುವಾಗ ವಿಪ್ಪಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆದ್ದರಿಂದ ನಿಂತ ಗಾಡಿಯ ಬಳಿ ಮಕ್ಕಳು ಬಂದರೆ ಮೈಕನ್ನು ಕೆಳಗಿಡಿ. ಬೇಸ್‌ಮೆಂಟ್ ಪಾರ್ಕಿಂಗಿಗಾಗಿ ಬುಡದಲ್ಲಿ ಮಡಚುವ ಅಥವಾ ತಿರುಗಿಸಿ ತೆಗೆಯುವ ಜೋಡಣೆ ಹಾಕಿಸಿ, ವಿಪ್ಪನ್ನು ಹಾಕುವ ಮುನ್ನ ತಲೆಯೆತ್ತಿ ಬೆಸ್ಕಾಂ ತಂತಿಗಳನ್ನು ನೋಡಿ, ರೈಲ್ವೆಯ 25 ಕಿಲೋವೋಲ್ಟ್ ತಂತಿಯಿರುವ ಲೆವೆಲ್ ಕ್ರಾಸಿಂಗ್ ಬಂದಾಗ ಕಡ್ಡಾಯವಾಗಿ ಅದನ್ನು ಬಗ್ಗಿಸಿ ಕಟ್ಟಿಯೇ ದಾಟಿ.