ತಾರಸಿಯಲ್ಲಿ ಯಾವ ಬಣ್ಣದ ತರಕಾರಿ ಹಾಕಲಿ? ಬೇಯಿಸಿದರೆ ಬಣ್ಣದ ಜೊತೆ ಸತ್ವವೂ ಹೋಗುತ್ತಾ?

ಮೈಸೂರಿನ ಮನೆ ತಾರಸಿ, ತಿನ್ನುವವರು ಮಕ್ಕಳು, ಬೇಯಿಸಿದ ನೀರೆಲ್ಲ ಕೆಂಪಾಗುತ್ತದೆ ಅನ್ನೋ ಚಿಂತೆ ಅಂದಿದ್ದೀರಿ. ಚಿಂತೆ ಸರಿಯಾದದ್ದೇ. ದಂಟು, ಬೀಟ್‌ರೂಟ್‌ನ ಕೆಂಪು ನೀರಿನಲ್ಲಿ ಕರಗುವಂಥದ್ದು. ಅದರ ಜೊತೆ ಫೋಲೇಟ್ ಅನ್ನೋ ಬಿ ವಿಟಮಿನ್, ಪೊಟ್ಯಾಸಿಯಂ ಕೂಡ ಒಂದಷ್ಟು ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲದಿದ್ದರೆ ಆಯ್ತು. ಅದಕ್ಕೆ ಬೇಯಿಸಿ ಬಸಿದ ನೀರಿನಿಂದಲೇ ಮಾಡುವ ನಮ್ಮ ಕಡೆಯ ಬಸ್ಸಾರೇ ಇದೆಯಲ್ಲ.

ಮೊದಲು ಕೆಂಪು ದಂಟು ಹಾಕಿ. 6 ಇಂಚು ಆಳದ ಟ್ರೇ ಸಾಕು. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಭಾಗ, ಮೇಲೊಂದು ಹಿಡಿ ಬೇವಿನ ಹಿಂಡಿ. ಬೀಜ ಸಾಸಿವೆಗಿಂತ ಸಣ್ಣದು, ಹಾಗೇ ಎರಚಿದರೆ ಒಂದೇ ಕಡೆ ಬೀಳುತ್ತದೆ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಎರಚಿ, ಬೀಜ ಮುಚ್ಚುವಷ್ಟೇ ಮಣ್ಣು ಉದುರಿಸಿ. ಮೊದಲ ವಾರ ನೀರು ಕೈಯಲ್ಲಿ ಚಿಮುಕಿಸಬೇಕು. ಮಗ್ಗಿನಲ್ಲಿ ಸುರಿದರೆ ಬೀಜವೆಲ್ಲ ಮೂಲೆಗೆ ಕೊಚ್ಚಿಹೋಗುತ್ತದೆ. 25-30 ದಿನಕ್ಕೆ ಸೊಪ್ಪು ಕೀಳಬಹುದು. ನೆರಳಲ್ಲಿಟ್ಟರೆ ಕೆಂಪು ಪೇಲವವಾಗುತ್ತದೆ, ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಎಲೆ ಮಗುಚಿದಾಗ ಅಡಿಯಲ್ಲಿ ಬಿಳಿ ಬೊಕ್ಕೆ ಕಂಡರೆ ಅದು ಬಿಳಿ ತುಕ್ಕು ರೋಗ. ಆ ಎಲೆ ಕಿತ್ತು ಎಸೆಯಿರಿ, ಪೈರು ತೆಳು ಮಾಡಿ, ಸಂಜೆ ಹೊತ್ತು ಎಲೆ ಮೇಲೆ ನೀರು ಹಾಕುವುದನ್ನು ಬಿಡಿ.

ಬೀಟ್‌ರೂಟ್‌ನಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ನಾವು ಬೀಜ ಅನ್ನುವುದು ನಿಜಕ್ಕೂ ಬೀಜಗಳ ಗೊಂಚಲು, ಒಂದರಿಂದ ಎರಡು ಮೂರು ಸಸಿ ಏಳುತ್ತವೆ. ಪಾಪ ಅಂತ ಎಲ್ಲವನ್ನೂ ಉಳಿಸಿಕೊಂಡರೆ ಗಡ್ಡೆ ಕಟ್ಟುವುದೇ ಇಲ್ಲ. ನಾಲ್ಕು ಇಂಚಿಗೆ ಒಂದು ಸಸಿ ಬಿಟ್ಟು ಉಳಿದದ್ದನ್ನು ಕಿತ್ತು ಪಲ್ಯಕ್ಕೆ ಹಾಕಿ. ಕ್ಯಾರೆಟ್ ದಸರಾ ಕಳೆದ ಮೇಲೆ, ಚಳಿ ಶುರುವಾಗುವಾಗ ಹಾಕಿ. ಕಲ್ಲು, ಹಸಿ ಗೊಬ್ಬರ ಇದ್ದರೆ ಬೇರು ಕವಲೊಡೆಯುತ್ತದೆ.

ಈಗ ಬಸ್ಸಾರು. ಅರ್ಧ ಲೋಟ ತೊಗರಿಬೇಳೆ ಮುಕ್ಕಾಲು ಬೇಯುವಾಗ ಎರಡು ಹಿಡಿ ಹೆಚ್ಚಿದ ದಂಟು ಸೇರಿಸಿ ಬೇಯಿಸಿ, ಕಟ್ಟು, ಅಂದರೆ ಬೆಂದ ನೀರನ್ನು, ಬಸಿದುಕೊಳ್ಳಿ. ತೆಂಗಿನ ತುರಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸುಟ್ಟ ಈರುಳ್ಳಿ, ಸಾರಿನ ಪುಡಿ, ಹುಣಸೆಹಣ್ಣು, ಬೆಂದ ಬೇಳೆ-ಸೊಪ್ಪು ಒಂದು ಹಿಡಿ ರುಬ್ಬಿ, ಆ ಕೆಂಪು ಕಟ್ಟಿಗೇ ಹಾಕಿ ಕುದಿಸಿ. ಹುಣಸೆಯ ಹುಳಿ ಕೆಂಪನ್ನು ಹಿಡಿದಿಡುತ್ತದೆ. ಬೇಗ ಬೇಯಲಿ ಅಂತ ಅಡುಗೆ ಸೋಡಾ ಮಾತ್ರ ಹಾಕಲೇಬೇಡಿ, ಬಣ್ಣ ಕೆಟ್ಟು ಹಳದಿಗೆ ತಿರುಗುತ್ತದೆ. ಉಳಿದ ಬೇಳೆ-ಸೊಪ್ಪಿಗೆ ಎರಡು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಎಣ್ಣೆ ಉಳಿಸಲು ಹೋಗಬೇಡಿ. ಸೊಪ್ಪು, ಕ್ಯಾರೆಟ್‌ನಲ್ಲಿರುವ, ಮೈಯಲ್ಲಿ ವಿಟಮಿನ್ ಎ ಆಗುವ ಕ್ಯಾರೊಟಿನ್ ಜಿಡ್ಡಿಲ್ಲದೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಮುದ್ದೆ ಜೊತೆ ಬಡಿಸುವಾಗ ಪಲ್ಯಕ್ಕೆ ನಿಂಬೆ ಹಿಂಡಿ, ಸೊಪ್ಪಿನ ಕಬ್ಬಿಣಾಂಶ ಹೀರಲು ಅದು ಬೇಕು. ಉಂಡ ಕೂಡಲೇ ಕಾಫಿ ಬೇಡ, ಒಂದು ಗಂಟೆ ಕಳೆಯಲಿ. ಬೀಟ್‌ರೂಟ್ ತಿಂದ ಮಾರನೇ ದಿನ ಮಕ್ಕಳ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ, ಕೆಲವರಿಗೆ ಹಾಗಾಗುತ್ತದೆ. ಬೀಟ್‌ರೂಟ್ ತಿನ್ನದೆಯೂ ಕೆಂಪಾದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಮೂತ್ರಪಿಂಡದ ಕಲ್ಲು ಆದವರಿದ್ದರೆ ಈ ಬಸ್ಸಾರು ಅವರಿಗಲ್ಲ. ಕಲ್ಲು ಕಟ್ಟಲು ಕಾರಣವಾಗುವ ದಂಟಿನ ಆಕ್ಸಲೇಟ್ ಕೂಡ ಅದೇ ಕಟ್ಟಿಗೆ ಇಳಿದಿರುತ್ತದೆ. ಅವರಿಗೆ ಹುರುಳಿಕಾಯಿ (ಬೀನ್ಸ್) ಬಸ್ಸಾರು ಮಾಡಿ.