ತೂಕ ಇಳಿಸಿದ ಮೇಲೆ ಹಸಿವು ಯಾಕೆ ಜಾಸ್ತಿಯಾಗುತ್ತದೆ?

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೀರಿ. ಮೂರು ತಿಂಗಳು ರಾತ್ರಿ ಊಟ ಬಿಟ್ಟು ಒಂಬತ್ತು ಕಿಲೋ ಇಳಿಸಿದ್ದೀರಿ. ಈಗ ಹಸಿವು ತಡೆಯಲಾಗುತ್ತಿಲ್ಲ, ತೂಕ ವಾಪಸ್ ಬರುತ್ತಿದೆ. ಬಾಯಿ ಕಟ್ಟೋಕೆ ಬರಲ್ಲ ಅಂತ ಮನೆಯಲ್ಲಿ ಬೈತಾರೆ, ಇದು ಹಾರ್ಮೋನ್ ರೆಸಿಸ್ಟೆನ್ಸಾ ಅಂತ ಕೇಳಿದ್ದೀರಿ.

ಅಣ್ಣಾ, ಮೊದಲು ಆ ಬೈಗುಳ ಮರೆತುಬಿಡಿ. ನಾನು ಬಳ್ಳಾರಿಯಲ್ಲಿ ಡಯಟೀಷಿಯನ್. ಈ ಮಾತು ಕೇಳಿ ಕುಗ್ಗಿದವರನ್ನು ದಿನಾ ನೋಡುತ್ತೇನೆ, ಬಹಳ ಸಂಕಟವಾಗುತ್ತದೆ.

ನಮ್ಮ ಮೈಯ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನ್ ಬಿಡುತ್ತದೆ. 1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಕಂಡುಹಿಡಿಯಿತು. ಮೈಯಲ್ಲಿ ಸಾಕಷ್ಟು ಕೊಬ್ಬಿದೆ, ಊಟ ಸಾಕು ಅಂತ ಮೆದುಳಿಗೆ ತಿಳಿಸುವುದು ಇದರ ಕೆಲಸ. ದಪ್ಪ ಇರುವವರಲ್ಲಿ ಇದು ಕಡಿಮೆ ಇರಬೇಕು ಅನಿಸುತ್ತದೆ ಅಲ್ವಾ? ಇಲ್ಲ, ಜಾಸ್ತಿಯೇ ಇರುತ್ತದೆ. ಮೆದುಳು ಅದರ ಮಾತು ಕೇಳುವುದಿಲ್ಲ. ಇದೇ ಲೆಪ್ಟಿನ್ ರೆಸಿಸ್ಟೆನ್ಸ್. ಲೆಪ್ಟಿನ್ ಮಾತ್ರೆ ಅಂತ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ಅದು ಪ್ರೋಟೀನ್, ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ.

ನಿಮ್ಮ ಈಗಿನ ಹಸಿವಿಗೆ ಇನ್ನೊಂದು ಕಾರಣವೂ ಇದೆ. ತೂಕ ಬೇಗ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ. ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ಏರುತ್ತದೆ. ಬರಗಾಲ ಬಂತು ಅಂತಲೇ ಮೈ ತಿಳಿಯುತ್ತದೆ, ಶಕ್ತಿಯ ಖರ್ಚನ್ನೂ ಕಡಿಮೆ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಕಠಿಣ ಪಥ್ಯದಿಂದ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ಪರೀಕ್ಷಿಸಿದಾಗಲೂ ಈ ಹಾರ್ಮೋನ್‌ಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ತಗ್ಗಿರಲಿಲ್ಲ. ಆ ಅಧ್ಯಯನ ಪ್ರಕಟವಾಗಿದ್ದು 2011ರಲ್ಲಿ.

ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಹಾರ್ಮೋನ್ ಇನ್ಸುಲಿನ್, ಅದರ ಕಡೆಯೂ ಗಮನ ಕೊಡಿ. ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಚರ್ಮ ಮಕಮಲ್ಲಿನಂತೆ ದಪ್ಪಗಾಗಿದೆಯಾ ನೋಡಿಕೊಳ್ಳಿ. ನಮ್ಮ ಕಡೆ ಬಿಸಿಲಿಗೆ ಕಪ್ಪಾಗಿದೆ, ಕೊಳೆ ಕೂತಿದೆ ಅಂದುಕೊಂಡು ಕಲ್ಲಿನಿಂದ ತಿಕ್ಕಿ ಗಾಯ ಮಾಡಿಕೊಂಡವರನ್ನು ನೋಡಿದ್ದೇನೆ. ಹೆಚ್ಚಾಗಿ ಅದು ಇನ್ಸುಲಿನ್ ರೆಸಿಸ್ಟೆನ್ಸ್ ಗುರುತು, ಅಂದರೆ ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳುತ್ತಿಲ್ಲ, ಅದಕ್ಕೆ ಇನ್ಸುಲಿನ್ ಇನ್ನೂ ಜಾಸ್ತಿ ಬರುತ್ತದೆ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಕೊಬ್ಬು ಸುಲಭವಾಗಿ ಕರಗುವುದಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಥೈರಾಯ್ಡ್, ಇಷ್ಟು ಟೆಸ್ಟ್ ಮಾಡಿಸಿ. ಲೆಪ್ಟಿನ್ ಟೆಸ್ಟ್ ಬೇಡ.

ರಾತ್ರಿ ಊಟ ಮತ್ತೆ ಶುರು ಮಾಡಿ. ಊಟ ಬಿಡುವವರು ಸಂಜೆ ಮಂಡಕ್ಕಿ, ಮಿರ್ಚಿ ಅಂಗಡಿ ಮುಂದೆ ಸೋಲುತ್ತಾರೆ. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ದೊಡ್ಡ ಬಟ್ಟಲು ಮಡಕೆ ಕಾಳು ಇಲ್ಲವೇ ಹೆಸರುಕಾಳು, ಮಜ್ಜಿಗೆ. ಕಾಳಿನ ಪ್ರೋಟೀನು, ನಾರು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತವೆ. ಸೋನಾಮಸೂರಿ ಬೆಳೆಯುವ ಊರಲ್ಲಿದ್ದು ಅನ್ನ ಪೂರ್ತಿ ಬಿಡುವುದು ಬೇಡ, ಮಧ್ಯಾಹ್ನ ಒಂದು ಬಟ್ಟಲು ಸಾಕು. ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಚಮಚ ಇರಲಿ.

ಸುಗ್ಗಿಯಲ್ಲಿ ಗಿರಣಿ ಕೆಲಸ ರಾತ್ರಿಯೂ ನಡೆಯುತ್ತದೆ, ಗೊತ್ತು. ನಿದ್ದೆ ಕೆಟ್ಟರೆ ಗ್ರೆಲಿನ್ ಮತ್ತೂ ಏರುತ್ತದೆ. ಹಗಲಾದರೂ ಕೋಣೆ ಕತ್ತಲು ಮಾಡಿಕೊಂಡು ಏಳು ತಾಸು ಮಲಗಿ. ಊಟವಾದ ಮೇಲೆ ಸ್ವಲ್ಪ ನಡೆಯಿರಿ, ವಾರಕ್ಕೆ ಎರಡು ಮೂರು ಸಲ ಬಸ್ಕಿ ಹೊಡೆಯಿರಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ.

ಕೆಲವು ತಿಂಗಳು ಇನ್ನೂ ಇಳಿಸುವ ಯೋಚನೆ ಬಿಟ್ಟು, ಈಗಿರುವ ತೂಕ ಕಾಯ್ದುಕೊಳ್ಳಿ. ಆಮೇಲೆ ನಿಧಾನವಾಗಿ ಇಳಿಸೋಣ. ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ತಿದ್ದರೆ ಮಾತ್ರ, ಊಟ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.