ವೆಬ್‌ಕ್ಯಾಮ್‌ನಲ್ಲಿ ಪಂದ್ಯ ಹುಡುಕಬೇಡಿ, ಊರು ಹುಡುಕಿ

ಚಾಂಪಿಯನ್ಸ್ ಲೀಗ್ ಫೈನಲ್‌ನಂಥ ಯುರೋಪಿನ ದೊಡ್ಡ ಫುಟ್‌ಬಾಲ್ ಪಂದ್ಯಗಳನ್ನು, ಆಮೇಲಿನ ಸಂಭ್ರಮವನ್ನು ಲೈವ್ ವೆಬ್‌ಕ್ಯಾಮ್‌ನಲ್ಲಿ ಪುಕ್ಕಟೆ ನೋಡಬಹುದಾ, ಅದಕ್ಕೆ ಯಾವ ಕ್ಯಾಮೆರಾ ಚೆನ್ನಾಗಿದೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ರಾತ್ರಿಗಟ್ಟಲೆ ಹುಡುಕಿದ್ದೇನೆ. ಪಂದ್ಯ ಸಿಗುವುದಿಲ್ಲ. ಮೈದಾನ ತೋರಿಸುವ ಹಕ್ಕನ್ನು ಟಿವಿಯವರು ಕೋಟಿಗಟ್ಟಲೆ ಸುರಿದು ಕೊಂಡಿರುತ್ತಾರೆ. ಊರಿನ ಕಂಬದ ಮೇಲಿನ ಕ್ಯಾಮೆರಾದಲ್ಲಿ ಅದನ್ನು ಯಾರು ತೋರಿಸುತ್ತಾರೆ? ‘ಸ್ಟೇಡಿಯಂ ಒಳಗಿನ ಲೈವ್ ಕ್ಯಾಮ್’ ಅಂತ ಲಿಂಕ್ ಕೊಟ್ಟು ಕಾರ್ಡ್ ನಂಬರ್ ಕೇಳಿದರೆ ಆ ಕಡೆ ತಲೆಯೇ ಹಾಕಬೇಡಿ. ಆದರೆ ಸಂಭ್ರಮ ಸಿಗುತ್ತದೆ. ನನ್ನ ಮಟ್ಟಿಗೆ ಪಂದ್ಯಕ್ಕಿಂತ ಅದೇ ದೊಡ್ಡದು.

ನನಗೆ ಈ ಹುಚ್ಚು ಹಿಡಿದದ್ದು 2023ರ ಮೇ 4ರ ರಾತ್ರಿ. ನಮ್ಮಲ್ಲಿ ಆಗಲೇ ಮೇ 5, ಯಾಕಂದರೆ ಪಂದ್ಯ ಶುರುವಾದದ್ದೇ ನಮ್ಮ ಹನ್ನೆರಡೂಕಾಲಿಗೆ. ಇಟಲಿಯ ನೇಪಲ್ಸ್ ಊರಿನ ತಂಡ ನಾಪೊಲಿಗೆ ಒಂದೇ ಒಂದು ಪಾಯಿಂಟ್ ಬೇಕಿತ್ತು. ಅದು ಸಿಕ್ಕಿದರೆ 1990ರ ನಂತರ, ಅಂದರೆ ಮರಡೋನಾ ಆಡುತ್ತಿದ್ದ ಕಾಲದ ನಂತರ, ಮೊದಲ ಸಲ ಇಟಲಿಯ ಲೀಗ್ ಅವರದು. ಆಟ ನಡೆಯುತ್ತಿದ್ದದ್ದು ದೂರದ ಉದಿನೆ ಊರಿನಲ್ಲಿ. ಆದರೂ ನೇಪಲ್ಸ್‌ನಲ್ಲಿರುವ ಮರಡೋನಾ ಹೆಸರಿನ ಸ್ಟೇಡಿಯಂ ಅವತ್ತು ತುಂಬಿತ್ತು. ದೊಡ್ಡ ಪರದೆ ಹಾಕಿ ಜನರನ್ನು ಒಳಗೆ ಬಿಟ್ಟಿದ್ದರು. ಒಳಗೆ ಜಾಗ ಸಿಗದವರೆಲ್ಲ ಬೀದಿಯಲ್ಲಿ.

ನಾನು ಫೋನಿನಲ್ಲಿ ಪಂದ್ಯ, ಲ್ಯಾಪ್‌ಟಾಪಿನಲ್ಲಿ ನೇಪಲ್ಸ್‌ನ ಒಂದು ಬೀದಿಯ ಕ್ಯಾಮೆರಾ ಹಾಕಿಕೊಂಡು ಕೂತಿದ್ದೆ. ಎದುರಾಳಿ ಉದಿನೆಸೆ ಮೊದಲು ಗೋಲು ಹೊಡೆದಾಗ ಬೀದಿ ಮಂಕಾಯಿತು. 52ನೇ ನಿಮಿಷ. ಲ್ಯಾಪ್‌ಟಾಪಿನಲ್ಲಿದ್ದ ಜನ ಒಮ್ಮೆಲೇ ಹಾರಿ ಕುಣಿಯತೊಡಗಿದರು. ಫೋನಿನಲ್ಲಿ ಇನ್ನೂ ಗೋಲೇ ಆಗಿರಲಿಲ್ಲ! ನಾಪೊಲಿಯ ಒಸಿಮೆನ್ ಗೋಲಿನ ಸುದ್ದಿ ನನಗೆ ಮೊದಲು ಕೊಟ್ಟವರು ಒಬ್ಬ ಅಜ್ಜಿ. ಆ ಕ್ಯಾಮೆರಾದ ಎದುರು ಮನೆಯ ಬಾಲ್ಕನಿಯಲ್ಲಿ ನಿಂತು ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಬಡಿಯುತ್ತಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ ಅಜ್ಜಿಯ ಭುಜ ಹಿಡಿದು ಕುಣಿಯುತ್ತಿದ್ದ. 1-1ಕ್ಕೆ ಪಂದ್ಯ ಮುಗಿಯಿತು. ಆಮೇಲೆ ನೀಲಿ ಹೊಗೆ ಎಷ್ಟು ತುಂಬಿತೆಂದರೆ ಬಾಲ್ಕನಿಯೂ ಕಾಣಲಿಲ್ಲ, ಬೀದಿಯೂ ಕಾಣಲಿಲ್ಲ. ಬರೀ ಹಾರ್ನ್, ಪಟಾಕಿ, ಹಾಡು. ನೀರು ಕುಡಿಯಲು ಎದ್ದ ಅಮ್ಮ ನನ್ನ ಪಕ್ಕ ನಿಂತು, “ಏನೋ ಇದು, ಯಾವ ಊರಿನ ಜಾತ್ರೆ?” ಅಂತ ಕೇಳಿದರು. ಆಮೇಲೆ ಅವರೂ ಕುರ್ಚಿ ಎಳೆದುಕೊಂಡು ಕೂತರು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ‘ಯಾವ ಕ್ಯಾಮೆರಾ ಚೆನ್ನಾಗಿದೆ’ ಅನ್ನುವ ನಿಮ್ಮ ಪ್ರಶ್ನೆಯೇ ಆ ತಪ್ಪಿನ ಬುಡ.

ಸ್ಪೇನಿನ ಅಥ್ಲೆಟಿಕ್ ಬಿಲ್ಬಾವ್ ಗೊತ್ತಲ್ವಾ? ಬಾಸ್ಕ್ ನಾಡಿನವರನ್ನು, ಇಲ್ಲವೇ ಅಲ್ಲೇ ಆಟ ಕಲಿತವರನ್ನು ಮಾತ್ರ ಆಡಿಸುವ ಕ್ಲಬ್. 1984ರಲ್ಲಿ ಸ್ಪೇನಿನ ಕಪ್ ಗೆದ್ದಿತ್ತು. ಆಮೇಲೆ ಫೈನಲ್‌ಗೆ ಬರುವುದು, ಸೋಲುವುದು. 2009, 2012, 2015. 2021ರಲ್ಲಂತೂ ಕೊರೋನಾದಿಂದ ಮುಂದಕ್ಕೆ ಹೋಗಿದ್ದ ಹಿಂದಿನ ವರ್ಷದ ಫೈನಲ್ಲೂ ಸೇರಿ ಎರಡು ವಾರದ ಅಂತರದಲ್ಲಿ ಎರಡು ಫೈನಲ್ ಸೋತರು. ಕೊನೆಗೆ 2024ರ ಏಪ್ರಿಲ್ 6ರಂದು ಸೆವಿಲ್ಲಾದಲ್ಲಿ ಮಯೋರ್ಕಾ ಎದುರು 1-1 ಆಗಿ, ಪೆನಾಲ್ಟಿಯಲ್ಲಿ ಗೆದ್ದರು. ಕೊನೆಯ ಒದೆತ ಬೆರೆಂಗೇರ್‌ನದು. ನಮಗಾಗ ಬೆಳಗಿನ ಜಾವ, ಪಂದ್ಯ ಪೂರ್ತಿ ನೋಡಿದ್ದೆ.

ಬಿಲ್ಬಾವ್‌ನವರು ದೊಡ್ಡ ಕಪ್ ಗೆದ್ದರೆ ಗಬಾರಾ ಹತ್ತುತ್ತಾರೆ. ಗಬಾರಾ ಅಂದರೆ ಸರಕು ಸಾಗಿಸುವ ಚಪ್ಪಟೆ ದೋಣಿ. ಆಟಗಾರರನ್ನು ಕಪ್ ಸಮೇತ ಅದರ ಮೇಲೆ ನಿಲ್ಲಿಸಿ ಸಮುದ್ರದ ಕಡೆಯಿಂದ ನೆರ್ವಿಯೋನ್ ನದಿಯಲ್ಲಿ ಊರೊಳಗೆ ಕರೆತರುತ್ತಾರೆ. ನಮ್ಮ ಕಡೆಯ ತೆಪ್ಪೋತ್ಸವ ನೋಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. 2015ರಲ್ಲಿ, 2021ರಲ್ಲಿ ಸೂಪರ್ ಕಪ್ ಗೆದ್ದಾಗಲೂ ಅದನ್ನು ನೀರಿಗಿಳಿಸಿರಲಿಲ್ಲ. ಅಂದರೆ 1984ರ ನಂತರ ಹುಟ್ಟಿದ ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ.

ದಿನ ನನಗೆ ಗೊತ್ತಿತ್ತು: ಏಪ್ರಿಲ್ 11, ಗುರುವಾರ. ಹೊತ್ತೂ ಗೊತ್ತಿತ್ತು: ಅಲ್ಲಿ ಮಧ್ಯಾಹ್ನ ಕಳೆದ ಮೇಲೆ, ನಮಗೆ ರಾತ್ರಿ ಊಟದ ಹೊತ್ತು. ಆಫೀಸಿನಿಂದ ಬೇಗ ಬಂದು, ಊಟ ಮುಗಿಸಿ ಕೂತೆ. ಕ್ಯಾಮೆರಾಗಳ ಪಟ್ಟಿಯಲ್ಲಿ ನದಿಯ ಕಡೆ ಮುಖ ಮಾಡಿದ್ದು ಒಂದಿತ್ತು. ಚಿತ್ರ ಮಸುಕು, ಮುಕ್ಕಾಲು ಪಾಲು ಬರೀ ನೀರು. ಇನ್ನೊಂದು ಊರಿನ ನಡುವಿನ ಚೌಕದ್ದು. ಕನ್ನಡಿ ಹಾಗೆ ಸ್ವಚ್ಛ. ನಾನು ಆರಿಸಿಕೊಂಡದ್ದು ಚೌಕದ್ದನ್ನು. ದೋಣಿ ಹೇಗೂ ಊರಿಗೇ ಬರುತ್ತದೆ, ಆಮೇಲೆ ಜನ ಚೌಕಕ್ಕೇ ಬರುತ್ತಾರೆ, ಅಲ್ಲಿವರೆಗೆ ನೀರು ನೋಡಿ ಏನು ಮಾಡಲಿ ಅನ್ನುವುದು ನನ್ನ ಲೆಕ್ಕ. ಮ್ಯಾಡ್ರಿಡ್‌ನಲ್ಲಿ ಸಿಬೆಲೆಸ್ ಕಾರಂಜಿ, ಬಾರ್ಸಿಲೋನಾದಲ್ಲಿ ಕನಾಲೆತೆಸ್ ಕಾರಂಜಿ, ಲಿಸ್ಬನ್‌ನಲ್ಲಿ ಮಾರ್ಕೆಸ್ ದ ಪೊಂಬಾಲ್ ವೃತ್ತ. ಎಲ್ಲ ಕಡೆ ಜನ ಸೇರುವುದು ಒಂದು ಚೌಕದಲ್ಲಿ. ಹಾಗಾಗಿ ಸಂಭ್ರಮ ಅಂದರೆ ಚೌಕ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಚೌಕ ಖಾಲಿ ಇತ್ತು. ಸಿಗ್ನಲ್ ಹಸಿರಾಗುತ್ತಿತ್ತು, ಕೆಂಪಾಗುತ್ತಿತ್ತು, ದಾಟಲು ಯಾರೂ ಇರಲಿಲ್ಲ. ಒಬ್ಬ ಹೆಂಗಸು ಕೆಂಪು ಬಿಳಿ ಪಟ್ಟೆಯ ಅಂಗಿ ತೊಟ್ಟ ಮಗುವನ್ನು ಎತ್ತಿಕೊಂಡು ಚಿತ್ರದ ಎಡ ಅಂಚಿನ ಕಡೆ ಓಡಿದರು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ವಾರದ ನಡುವೆ, ಹಾಡಹಗಲು, ಊರ ನಡುವಿನ ಚೌಕ ಖಾಲಿ ಇದೆ ಅಂದರೆ ಊರು ಬೇರೆ ಕಡೆ ಹೋಗಿದೆ ಅಂತಲೇ ಅರ್ಥ. ನಾನು ಮಾತ್ರ ‘ಇನ್ನೂ ಹೊತ್ತಾಗಿಲ್ಲ’ ಅಂದುಕೊಂಡು ಕಾಯುತ್ತಾ ಕೂತೆ. ಕೊನೆಗೆ ಅನುಮಾನ ಬಂದು ನದಿಯ ಕ್ಯಾಮೆರಾ ತೆರೆದರೆ ಲೋಡ್ ಆಗದೆ ಬರೀ ಸುತ್ತುತ್ತಿತ್ತು. ಎಲ್ಲರೂ ಅದನ್ನೇ ತೆರೆದಿದ್ದರು ಅಂತ ಕಾಣುತ್ತದೆ. ತೆರೆದುಕೊಳ್ಳುವ ಹೊತ್ತಿಗೆ ಗಬಾರಾ ದಾಟಿ ಹೋಗಿತ್ತು. ಹಿಂದೆ ಹಿಂದೆ ಬಂದ ಸಣ್ಣ ದೋಣಿಗಳು ಚದುರುತ್ತಿದ್ದವು. ಅದು ಯೂಟ್ಯೂಬ್ ಲೈವ್ ಆಗಿದ್ದರೆ ಹಿಂದಕ್ಕೆ ಎಳೆದು ನೋಡಬಹುದಿತ್ತು. ಆಗಿರಲಿಲ್ಲ. ಸುದ್ದಿ ವಾಹಿನಿಗಳ ತುಣುಕುಗಳನ್ನು ಆಮೇಲೆ ಎಷ್ಟೋ ನೋಡಿದೆ. ಅದು ಬೇರೆಯವರು ಕತ್ತರಿಸಿ ಕೊಟ್ಟದ್ದು. ದೋಣಿ ತಿರುವಿನಲ್ಲಿ ಮೊದಲ ಸಲ ಕಂಡಾಗ ದಡದಲ್ಲಿದ್ದವರು ಹೇಗೆ ಕೂಗಿದರು ಅನ್ನುವುದನ್ನು ಅವರ ಜೊತೆಗೇ ಕೇಳಿಸಿಕೊಳ್ಳುವುದು ತಪ್ಪಿಹೋಯಿತು. ನಲವತ್ತು ವರ್ಷಕ್ಕೊಮ್ಮೆ ಬಂದದ್ದು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಕ್ಯಾಮೆರಾದ ಚಿತ್ರ ಎಷ್ಟು ಚೆನ್ನಾಗಿದೆ ಅಂತ ನೋಡಬೇಡಿ. ಆ ಊರಿನವರು ಎಲ್ಲಿ ಸೇರುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಮ್ಯಾಡ್ರಿಡ್ ಒಂದೇ ಊರು, ಆದರೆ ರಿಯಾಲ್ ಗೆದ್ದರೆ ಸಿಬೆಲೆಸ್, ಅಟ್ಲೆಟಿಕೊ ಗೆದ್ದರೆ ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ನೆಪ್ಟುನೊ ಕಾರಂಜಿ. ತಪ್ಪು ಕಾರಂಜಿ ತೆರೆದಿಟ್ಟರೆ ರಾತ್ರಿಯಿಡೀ ಟ್ಯಾಕ್ಸಿ ನೋಡುತ್ತಾ ಕೂರಬೇಕು. ಚಿತ್ರದ ಸ್ವಚ್ಛತೆ ನಂಬಿ ಕೂರುವುದೂ ದಂಡ. ಖಾಲಿ ಬೀದಿ ಸ್ಪಷ್ಟವಾಗಿ ಕಾಣುತ್ತದೆ. ಸಾವಿರಾರು ಜನ ಒಟ್ಟಿಗೆ ಕುಣಿದು ಹೊಗೆ ಎದ್ದರೆ ಅದೇ ಚಿತ್ರ ಚೂರು ಚೂರು ಚೌಕಗಳಾಗಿ ಒಡೆದುಹೋಗುತ್ತದೆ, ಅಷ್ಟು ಚಲನೆಯನ್ನು ಅದು ಹೊರಲಾರದು. ಮೈಕ್ ಇರುವ ಕ್ಯಾಮೆರಾ ಸಿಕ್ಕರೆ ಮಸುಕಾಗಿದ್ದರೂ ಅದನ್ನೇ ಹಿಡಿಯಿರಿ. ಹೆಚ್ಚಿನವು ಮೂಕ ಕ್ಯಾಮೆರಾಗಳು.

ಚಾಂಪಿಯನ್ಸ್ ಲೀಗ್ ಫೈನಲ್ ನಡೆಯುವ ಊರಿನ ಕ್ಯಾಮೆರಾ ಹುಡುಕುವುದಂತೂ ಸುಮ್ನೆ ಸಮಯ ಹಾಳು. 2025ರ ಮೇ 31ರಂದು ಫೈನಲ್ ನಡೆದದ್ದು ಮ್ಯೂನಿಕ್‌ನಲ್ಲಿ. ಪ್ಯಾರಿಸ್‌ನ ಪಿಎಸ್‌ಜಿ 5-0ಗೆ ಇಂಟರ್ ತಂಡವನ್ನು ಸೋಲಿಸಿತು. ಅದು ಮ್ಯೂನಿಕ್‌ನವರ ಗೆಲುವಲ್ಲ, ನೋಡಬೇಕಾದದ್ದು ಪ್ಯಾರಿಸ್. ನಿಮಗೆ ನಿಜವಾಗಿ ಸಂಭ್ರಮ ನೋಡಬೇಕಿದ್ದರೆ ಚಾಂಪಿಯನ್ಸ್ ಲೀಗನ್ನೇ ಬಿಡಿ ಅನ್ನುತ್ತೇನೆ. ವರ್ಷ ಬಿಟ್ಟು ವರ್ಷ ಗೆಲ್ಲುವ ಊರಿಗೂ, ಕಾದು ಕಾದು ಸುಸ್ತಾದ ಊರಿಗೂ ಅಜಗಜಾಂತರ.

ಇನ್ನೊಂದು ವಿಷಯ. 2025ರ ಜೂನ್ 4ರಂದು ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತ ಮೇಲೆ ನಾನು ಈ ಕ್ಯಾಮೆರಾಗಳನ್ನು ನೋಡುವ ರೀತಿಯೇ ಬೇರೆಯಾಗಿದೆ. ಈಗ ಕಣ್ಣು ಮೊದಲು ಬೇಲಿ ಹುಡುಕುತ್ತದೆ, ಹೊರಗೆ ಹೋಗುವ ದಾರಿ ಹುಡುಕುತ್ತದೆ. ಬಿಲ್ಬಾವ್‌ನಲ್ಲಿ ಜನ ನದಿಯ ಎರಡೂ ದಡದಲ್ಲಿ, ಸೇತುವೆಗಳ ಮೇಲೆ, ಕಿಲೋಮೀಟರ್‌ಗಟ್ಟಲೆ ಹರಡಿ ನಿಂತಿದ್ದರು. ಕಪ್ ಅವರ ಮುಂದೆ ಹಾದುಹೋಯಿತು. ಅದನ್ನು ನೋಡಲು ಯಾರೂ ಒಂದೇ ಗೇಟಿಗೆ ಹೋಗಿ ನಿಲ್ಲಬೇಕಾಗಲಿಲ್ಲ. ನಮ್ಮಲ್ಲಿ ಮೆರವಣಿಗೆಗೆ ಯೋಜನೆ ಹಾಕುವವರು ಇಂಥವನ್ನು ಕೂತು ನೋಡಬೇಕು.

ಹೊತ್ತಿನ ಲೆಕ್ಕ ಸುಲಭ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ಸ್ಪೇನ್, ಇಟಲಿ, ಫ್ರಾನ್ಸ್, ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. 2026ರಿಂದ ಚಾಂಪಿಯನ್ಸ್ ಲೀಗ್ ಫೈನಲ್ ಅಲ್ಲಿನ ಸಂಜೆ ಆರಕ್ಕೆ, ನಮ್ಮ ರಾತ್ರಿ ಒಂಬತ್ತೂವರೆಗೆ. ಮೇ ಕೊನೆಯಲ್ಲಿ ಪ್ಯಾರಿಸ್, ಮ್ಯಾಡ್ರಿಡ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಹಾಗಾಗಿ ಗೆದ್ದವರು ಬೀದಿಗಿಳಿಯುವಾಗ ಸಾಧಾರಣ ಕ್ಯಾಮೆರಾದಲ್ಲೂ ಮುಖಗಳು ಕಾಣಬಹುದು.

ನಿಮ್ಮದು ಯಾವ ತಂಡ ಅಂತ ಬರೆದಿಲ್ಲ. ತಿಳಿಸಿ. ಆ ಊರಿನವರು ಎಲ್ಲಿ ಸೇರುತ್ತಾರೆ, ಅಲ್ಲಿಗೆ ಮುಖ ಮಾಡಿದ ಕ್ಯಾಮೆರಾ ಯಾವುದು ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.